ಕಾರಖಾನೆಯ ಹೊಗೆಯೂ ಪಾಲುದಾರನ ಹಣವೂ

ಮಕ್ಕಳ ವಿದ್ಯಾಭ್ಯಾಸಕ್ಕೆಂದೋ ಮುಪ್ಪಿನ ದಿನಗಳಿಗೆಂದೋ ಗೃಹಸ್ಥನು ಕೂಡಿಟ್ಟ ಹಣವು ಈಗಿನ ಕಾಲದಲ್ಲಿ ಮನೆಯ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಷೇರು ಎಂಬ ಮಾತನ್ನು ಕೇಳಿದರೇ ಬೆದರುವವನ ಹಣ ಕೂಡ ವಿಮೆ, ಭವಿಷ್ಯನಿಧಿ, ಮ್ಯೂಚುಯಲ್ ಫಂಡುಗಳ ದಾರಿಯಿಂದ ಎಷ್ಟೋ ಪಾಲು ಯಾವುದೋ ದೂರದ ಕಾರಖಾನೆಯ ಕುಲುಮೆಯನ್ನು ಸೇರಿರುವುದುಂಟು. ಆ ಕಾರಖಾನೆಯು ಗಾಳಿಗೆ ಎಷ್ಟು ಹೊಗೆಯನ್ನು ಬಿಡುತ್ತದೆ, ನದಿಗೆ ಏನನ್ನು ಹರಿಸುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರೆ ಅದರ ಸಂಪಾದನೆ ಹೆಚ್ಚುವುದೋ, ತಗ್ಗುವುದೋ? ವರ್ತಕರೂ ಅರ್ಥಶಾಸ್ತ್ರಜ್ಞರೂ ಚರ್ಚಿಸುವ ಈ ಪ್ರಶ್ನೆಯು ನಮ್ಮ ವಾಚಕರ ಮನೆಯ ಪ್ರಶ್ನೆಯೂ ಹೌದೆಂದು ನಾವು ಭಾವಿಸುತ್ತೇವೆ.

ಇದರ ಕಥೆಯು ನಮ್ಮ ದೇಶದಲ್ಲಿಯೇ, ಬಹಳ ದುಃಖದ ರೀತಿಯಲ್ಲಿ ಮೊದಲಾಯಿತು. ೧೯೮೪ನೆಯ ಇಸವಿ ಡಿಸೆಂಬರ್ ೨ರ ರಾತ್ರಿ ಕಳೆದು ೩ನೆಯ ತಾರೀಖು ಹುಟ್ಟುವ ಹೊತ್ತಿನಲ್ಲಿ, ಭೋಪಾಲದ ಯೂನಿಯನ್ ಕಾರ್ಬೈಡ್ ಕಾರಖಾನೆಯಿಂದ ಮೀಥೈಲ್ ಐಸೋಸಯನೇಟ್ ಎಂಬ ವಿಷವಾಯುವು ಹೊರಬಿದ್ದು, ಸುತ್ತಣ ಗುಡಿಸಲುಗಳಲ್ಲಿ ಮಲಗಿದ್ದ ಸಾವಿರಾರು ಜನರ ಪ್ರಾಣವನ್ನು ಕೊಂಡಿತು. ಗೋಡೆಯ ಆಚೆಗಿನ ತೊಟ್ಟಿಯಲ್ಲಿ ಏನಿದೆಯೆಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಗಾಳಿ ಕೆಟ್ಟಾಗ ಒದ್ದೆಬಟ್ಟೆಯನ್ನು ಮುಖಕ್ಕೆ ಹಿಡಿದುಕೊಳ್ಳಬೇಕು ಎಂಬಷ್ಟು ಕೂಡ ತಿಳಿಯದೆ ಎಷ್ಟೋ ಜನ ಆ ಕತ್ತಲೆಯಲ್ಲಿ ಓಡಿದರು. ಮರುವರ್ಷದ ಆಗಸ್ಟಿನಲ್ಲಿ ಅದೇ ಕಂಪೆನಿಗೆ ಸೇರಿದ, ಅಮೆರಿಕಾದ ಪಶ್ಚಿಮ ವರ್ಜೀನಿಯಾ ಸಂಸ್ಥಾನದ ಕಾರಖಾನೆಯೊಂದರಲ್ಲಿಯೂ ವಿಷಾನಿಲ ಸೋರಿ ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆಯನ್ನು ಸೇರಿದರು. ಆಗ ಆ ದೇಶದವರು ಎಚ್ಚತ್ತರು. ದೂರದ ಭೋಪಾಲವು ಕಲಿಸಲಾರದುದನ್ನು ತಮ್ಮ ಬಾಗಿಲಿನ ಸೋರಿಕೆಯು ಕಲಿಸಿತೆಂದರೆ ಅದು ಕಟುವಾದ ಮಾತಾದೀತು; ಆದರೂ ಸುಳ್ಳಲ್ಲ.

೧೯೮೬ರಲ್ಲಿ ಅಲ್ಲಿ ಹುಟ್ಟಿದ ಕಾನೂನಿನ ಒಂದು ಭಾಗವು ವಿಚಿತ್ರವಾದುದು. ವಿಷವಸ್ತುವನ್ನು ಇಷ್ಟೇ ಬಿಡಬೇಕು, ಇದಕ್ಕಿಂತ ಹೆಚ್ಚು ಬಿಡಬಾರದು ಎಂದು ಅದು ಕಟ್ಟಳೆ ಮಾಡಲಿಲ್ಲ. ಹತ್ತು ಮಂದಿಗಿಂತ ಕಡಮೆಯಿಲ್ಲದೆ ದುಡಿಯುವ, ಗೊತ್ತಾದ ಪರಿಮಾಣಕ್ಕಿಂತ ಹೆಚ್ಚಾಗಿ ಅಂತಹ ರಾಸಾಯನಿಕಗಳನ್ನು ಬಳಸುವ ಕಾರಖಾನೆಗಳು, ಪಟ್ಟಿಯಲ್ಲಿರುವ ಯಾವ ಯಾವ ವಸ್ತುವನ್ನು ವರ್ಷಕ್ಕೆ ಎಷ್ಟೆಷ್ಟು ಪೌಂಡು ಗಾಳಿಗೂ ನೀರಿಗೂ ನೆಲಕ್ಕೂ ಬಿಟ್ಟೆವೆಂದು ಲೆಕ್ಕ ಒಪ್ಪಿಸಬೇಕು. ಸರಕಾರವು ಅದನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಪ್ರಕಟಿಸಬೇಕು. ಇಷ್ಟೇ. ಬಿಟ್ಟುದಕ್ಕೆ ದಂಡವಿಲ್ಲ, ಹೇಳದಿದ್ದರೆ ದಂಡ.

ಮೊದಲನೆಯ ಲೆಕ್ಕವು ೧೯೮೯ನೆಯ ಜೂನ್ ತಿಂಗಳಿನಲ್ಲಿ ಹೊರಬಿದ್ದಿತು. ಜೇಮ್ಸ್ ಹ್ಯಾಮಿಲ್ಟನ್ ಎಂಬ ವಿದ್ವಾಂಸರು ೧೯೯೫ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಪಟ್ಟಿಯಲ್ಲಿ ಹೆಸರು ಬಂದ ಕಂಪೆನಿಗಳ ಷೇರುಗಳಿಗೆ ಆ ಮೊದಲ ದಿನ ಏನಾಯಿತೆಂದು ಗುಣಿಸಿ ತೋರಿಸಿರುವರು. ಪೇಟೆಯ ಸಾಮಾನ್ಯವಾದ ಏರಿಳಿತವನ್ನು ಕಳೆದು ನೋಡಿದರೆ, ಒಂದೊಂದು ಕಂಪೆನಿಯ ಪಾಲುದಾರರೂ ಒಟ್ಟಾಗಿ ಸರಾಸರಿ ೪೧ ಲಕ್ಷ ಡಾಲರುಗಳನ್ನು ಕಳೆದುಕೊಂಡಿದ್ದರು. ಒಂದು ಹನಿ ವಿಷವೂ ಆ ದಿನ ಹೊಸದಾಗಿ ಸೋರಿರಲಿಲ್ಲ. ಯಂತ್ರಗಳು ನಿನ್ನೆಯಂತೆಯೇ ತಿರುಗುತ್ತಿದ್ದುವು. ಬದಲಾದುದು ಜನರ ತಿಳಿವಳಿಕೆ ಮಾತ್ರ. ಅದರಲ್ಲಿಯೂ ಒಂದು ಸೂಕ್ಷ್ಮವುಂಟು. ಯಾವ ಕಂಪೆನಿಗಳ ಕೊಳಕು ಮೊದಲೇ ಊರಿಗೆಲ್ಲ ಗೊತ್ತಾಗಿತ್ತೋ ಅವುಗಳಿಗೆ ತಗುಲಿದ ಪೆಟ್ಟು ಹಗುರ. ಹೊಸದಾಗಿ ತಿಳಿದ ಸಂಗತಿಯೇ ಬೆಲೆಯನ್ನು ಕೆಡಹಿದುದು. ಮುಂದೆ ಬೇರೆ ಪರಿಶೋಧಕರು ಕಂಡುಕೊಂಡಂತೆ, ಬೆಲೆ ಅತಿಯಾಗಿ ಕುಸಿದ ಕಂಪೆನಿಗಳೇ ಮುಂದಿನ ವರ್ಷಗಳಲ್ಲಿ ತಮ್ಮ ಓರಗೆಯವರಿಗಿಂತ ಹೆಚ್ಚಾಗಿ ವಿಷವನ್ನು ತಗ್ಗಿಸಿದುವು. ಮಾನ್ಸಾಂಟೋ ಕಂಪೆನಿಯ ಮುಖ್ಯಸ್ಥರಾದರೋ, ಪಟ್ಟಿ ಅಚ್ಚಾಗುವುದಕ್ಕೆ ಮೊದಲೇ, ೧೯೮೮ರಲ್ಲಿ, ತಾವು ಗಾಳಿಗೆ ಬಿಡುವ ವಿಷವನ್ನು ೧೯೯೨ರ ಕೊನೆಯ ವೇಳೆಗೆ ನೂರಕ್ಕೆ ತೊಂಬತ್ತರಷ್ಟು ಇಳಿಸುವೆವೆಂದು ಮಾತು ಕೊಟ್ಟರು. ತಮ್ಮ ಲೆಕ್ಕವನ್ನು ತಾವೇ ಕೂಡಿ ನೋಡುವ ಪ್ರಸಂಗ ಬರುವವರೆಗೆ ಯಜಮಾನರಿಗೆ ಕೂಡ ಅದರ ಗಾತ್ರ ತಿಳಿದಿರಲಿಲ್ಲವೆಂದು ತೋರುತ್ತದೆ.

ಬೆಲೆ ಏಕೆ ಇಳಿಯಬೇಕು? ಪಾಲುದಾರರಿಗೆ ಒಮ್ಮೆಲೆ ಧರ್ಮಬುದ್ಧಿ ಹುಟ್ಟಿತೆಂದು ತಿಳಿಯಬೇಕಾದುದಿಲ್ಲ. ಇಂದಿನ ಹೊಗೆಯು ನಾಳಿನ ವ್ಯಾಜ್ಯ, ದಂಡ, ಪರಿಹಾರಧನ, ಹೊಸ ಯಂತ್ರದ ವೆಚ್ಚ. ಸಾಲ ಕೊಡುವ ಬ್ಯಾಂಕಿನವನೂ ಇದನ್ನೆಲ್ಲ ಎಣಿಸಿ ಬಡ್ಡಿಯನ್ನು ನಿಗದಿ ಮಾಡುತ್ತಾನೆ. ಇದಕ್ಕಿಂತ ಸರಳವಾದ ಕಾರಣವು ನಮ್ಮ ಗೃಹಿಣಿಯರಿಗೆ ಚೆನ್ನಾಗಿ ಗೊತ್ತು. ಹಾಲು ಉಕ್ಕಿ ಒಲೆಯ ಪಾಲಾದರೆ ತಿಂಗಳ ಕೊನೆಯಲ್ಲಿ ಹಾಲಿನವನು ಆ ಪಾವನ್ನು ಲೆಕ್ಕದಿಂದ ಬಿಡುವನೇ? ಕಾರಖಾನೆಯ ಹೊಗೆಗೂಡಿನಿಂದ ಹಾರಿಹೋಗುವ ದ್ರಾವಕವೂ ದುಡ್ಡು ಕೊಟ್ಟು ತಂದ ಸಾಮಗ್ರಿಯೇ. ಅದನ್ನು ತೂಗಿ ಬರೆದಿಡುವವರೆಗೆ ನಷ್ಟವು ಕಣ್ಣಿಗೆ ಬೀಳುವುದಿಲ್ಲ.

ನಮ್ಮ ದೇಶದಲ್ಲಿಯೂ ಇಂತಹ ಪರೀಕ್ಷೆಯು ನಡೆದಿರುವುದು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ೧೯೯೯ರಲ್ಲಿ ಕಾಗದದ ಗಿರಣಿಗಳಿಗೂ, ಆ ಬಳಿಕ ಮೋಟಾರು ಬಂಡಿಗಳ ತಯಾರಕರಿಗೂ ಕ್ಲೋರೀನು ಮತ್ತು ಕ್ಷಾರಗಳ ಕಾರಖಾನೆಗಳಿಗೂ, ಪರೀಕ್ಷೆಯಲ್ಲಿ ಹುಡುಗರಿಗೆ ಕೊಡುವಂತೆ ಅಂಕ ಕೊಟ್ಟು ಪ್ರಕಟಿಸಿದರು. ಶ್ರೀಕಾಂತ ಗುಪ್ತ, ಬಿಶ್ವನಾಥ ಗೋಲ್ದಾರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ೨೦೦೫ರಲ್ಲಿ ತೋರಿಸಿದಂತೆ, ಕೆಳಗಿನ ಅಂಕ ಪಡೆದ ಕಂಪೆನಿಗಳ ಷೇರುಗಳು ಸಾಮಾನ್ಯವಾಗಿ ಇಳಿದುವು. ಇಳಿತವು ಕೆಲವೆಡೆ ಶೇಕಡ ೩೦ರವರೆಗೂ ಹೋಯಿತು. ಹಿಂದುಸ್ಥಾನದ ಹೂಡಿಕೆದಾರನಿಗೆ ಲಾಭವಲ್ಲದೆ ಬೇರೊಂದು ಕಾಣದೆಂದು ಹೇಳುವವರು ಇದನ್ನು ಒಮ್ಮೆ ನೋಡಬೇಕು.

ಹಾಗಾದರೆ, ವರದಿಯನ್ನು ದಪ್ಪನಾಗಿ ಬರೆದವನು ಸಿರಿವಂತನಾಗುವನೆಂದು ಹೇಳಬಹುದೋ? ಇಲ್ಲಿ ನಾವು ಕೊಂಚ ನಿಲ್ಲಬೇಕು. ಹೆಚ್ಚಾಗಿ ತಿಳಿಸುವ ಕಂಪೆನಿಗಳು ಹೆಚ್ಚು ಲಾಭವನ್ನು ಪಡೆಯುತ್ತವೆಂದು ಹೇಳುವ ಪರಿಶೋಧನೆಗಳು ಅನೇಕ ಉಂಟು. ಅದಕ್ಕೆ ವಿರುದ್ಧವಾಗಿ ಹೇಳುವವೂ ಉಂಟು. ಆದರೆ ಮಳೆ ಬಂದುದರಿಂದ ಕೊಡೆ ಬಿಚ್ಚಿತೋ, ಕೊಡೆ ಬಿಚ್ಚಿದುದರಿಂದ ಮಳೆ ಬಂದಿತೋ ಎಂಬ ತೊಡಕು ಇಲ್ಲಿಯೂ ಇರುವುದು. ಲಾಭವುಳ್ಳ ದೊಡ್ಡ ಕಂಪೆನಿಯು ಒಳ್ಳೆಯ ಲೇಖಕರನ್ನಿಟ್ಟು ನುಣುಪು ಕಾಗದದ ಮೇಲೆ ನವಿಲು, ನದಿಗಳ ಚಿತ್ರಗಳೊಡನೆ ವರದಿಯನ್ನು ಅಚ್ಚುಹಾಕಿಸಬಲ್ಲುದು. ಅಂತಹ ವರದಿಯಿಂದ ಲಾಭ ಬಂದಿತೆಂದು ಹೇಳುವುದು ಹೇಗೆ? ತನ್ನ ಗುಣವನ್ನು ತಾನೇ ಹಾಡುವ ಬರವಣಿಗೆಗೂ, ಕಾನೂನಿನ ಬಲವಂತದಿಂದ, ಎಲ್ಲರೂ ಒಂದೇ ಮಾನದಿಂದ ಅಳೆದು ಒಪ್ಪಿಸಿದ ಅಂಕಿಗಳಿಗೂ ಆಕಾಶ ಪಾತಾಳಗಳ ಅಂತರವುಂಟು. ೧೯೮೯ರಲ್ಲಿ ಪೇಟೆಯನ್ನು ಅಲುಗಿಸಿದುದು ಪೌಂಡುಗಳ ಲೆಕ್ಕ.

ಹಾಡುವ ಬರವಣಿಗೆಯ ಗತಿಯನ್ನು ಫೋಕ್ಸ್‌ವ್ಯಾಗನ್ ಎಂಬ ಜರ್ಮನ್ ಕಂಪೆನಿಯಲ್ಲಿ ಜಗತ್ತು ಕಂಡಿತು. ೨೦೧೫ರ ಸೆಪ್ಟೆಂಬರ್ ತಿಂಗಳ ಮೊದಲ ಭಾಗದಲ್ಲಿ, ಡೌ ಜೋನ್ಸ್ ಹೆಸರಿನ ಪ್ರಸಿದ್ಧ ಸುಸ್ಥಿರತೆಯ ಸೂಚಿಯು ಮೋಟಾರು ತಯಾರಕರಲ್ಲಿ ಅಗ್ರಸ್ಥಾನವನ್ನು ಅದಕ್ಕೆ ಕೊಟ್ಟಿತ್ತು. ಅದೇ ತಿಂಗಳು ೧೮ರಂದು ಅಮೆರಿಕಾದ ಪರಿಸರ ರಕ್ಷಣಾ ಇಲಾಖೆಯು ಮೋಸವನ್ನು ಬಯಲಿಗೆಳೆಯಿತು: ಪರೀಕ್ಷೆ ನಡೆಯುತ್ತಿರುವುದನ್ನು ಬಂಡಿಯೊಳಗಿನ ಗಣಕವೇ ಗುರುತಿಸಿ ಆಗ ಮಾತ್ರ ಹೊಗೆಯನ್ನು ಶುದ್ಧವಾಗಿ ಬಿಡುತ್ತಿತ್ತು, ರಸ್ತೆಯಲ್ಲಿ ಕೆಲವು ಬಂಡಿಗಳು ನಿಯಮಕ್ಕಿಂತ ೪೦ ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡುಗಳನ್ನು ಕಾರುತ್ತಿದ್ದುವು. ಪ್ರಪಂಚದಲ್ಲೆಲ್ಲ ಅಂತಹ ಬಂಡಿಗಳು ೧ ಕೋಟಿ ೧೦ ಲಕ್ಷ. ಎರಡೇ ದಿನಗಳ ವ್ಯಾಪಾರದಲ್ಲಿ ಷೇರಿನ ಬೆಲೆಯು ಮೂರರಲ್ಲೊಂದು ಪಾಲಿನಷ್ಟು ಇಳಿಯಿತು. ದಂಡ, ಪರಿಹಾರ, ಬಂಡಿಗಳನ್ನು ಹಿಂದಕ್ಕೆ ಕೊಳ್ಳುವ ವೆಚ್ಚ, ಎಲ್ಲವೂ ಸೇರಿ ವರ್ಷಗಳು ಕಳೆದಂತೆ ೩,೦೦೦ ಕೋಟಿ ಯೂರೋಗಳನ್ನು ಮೀರಿದುವು. ಅಗ್ರಸ್ಥಾನವನ್ನು ಸೂಚಿಯವರು ಕಿತ್ತುಕೊಂಡರೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಷೇರು ಪೇಟೆಯ ಮೇಲ್ವಿಚಾರಣೆಯನ್ನು ನಡಸುವ ಸೆಬಿಯು ೨೦೧೨ರಲ್ಲಿ ಅತಿ ದೊಡ್ಡ ೧೦೦ ಕಂಪೆನಿಗಳಿಗೆ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯ ಮಾಡಿತು. ಅದು ಹೆಚ್ಚಾಗಿ ಹೌದು, ಅಲ್ಲ ಎಂಬ ಉತ್ತರಗಳ ಪತ್ರವಾಗಿತ್ತು. ೨೦೨೧ರಲ್ಲಿ ಅದನ್ನು ತಿದ್ದಿ ಬರೆದು, ೨೦೨೨-೨೩ನೆಯ ವರ್ಷದಿಂದ ಮೊದಲ ೧,೦೦೦ ಕಂಪೆನಿಗಳು ವಿದ್ಯುತ್ತು, ನೀರು, ಹೊಗೆ, ಕಸಗಳ ಅಂಕಿಗಳನ್ನು ಒಂದೇ ಮಾದರಿಯ ಕೋಷ್ಟಕದಲ್ಲಿ ಒಪ್ಪಿಸಬೇಕೆಂದು ವಿಧಿಸಿತು. ಮುಖ್ಯವಾದ ಅಂಕಿಗಳನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸುವ ನಿಯಮವು ೨೦೨೩-೨೪ರಲ್ಲಿ ಅತಿ ದೊಡ್ಡ ೧೫೦ ಕಂಪೆನಿಗಳಿಂದ ಮೊದಲಾಯಿತು. ಈ ವರದಿಗಳು ಯಾರು ಬೇಕಾದರೂ ಓದಬಹುದಾದುವು. ವಾಚಕರು ತಮ್ಮ ಹಣವಿರುವ ಕಂಪೆನಿಯ ವರದಿಯನ್ನು ಒಂದು ಭಾನುವಾರ ತೆರೆದು, ಮುನ್ನುಡಿಯನ್ನು ದಾಟಿ, ನೀರಿನ ಕೋಷ್ಟಕಕ್ಕೆ ಹೋಗಲಿ. ಈ ವರ್ಷ, ಹಿಂದಿನ ವರ್ಷ ಎಂದು ಎರಡು ಕಂಬಸಾಲುಗಳು ಕಾಣುವುವು.

ಅಲ್ಲಿ ಒಂದು ಎಚ್ಚರಿಕೆ ಬೇಕು. ನೀರನ್ನು ಒಟ್ಟಿನಲ್ಲಿ ಎಷ್ಟು ಬಳಸಿದರೆಂಬುದು ಮೇಲಿನ ಸಾಲು. ವ್ಯಾಪಾರದ ಒಂದು ರೂಪಾಯಿಗೆ ಎಷ್ಟು ಬಳಸಿದರೆಂಬುದು ಅದರ ಕೆಳಗಿನದು. ಒಂದು ಕಾರಖಾನೆಯು ನೂರು ಕೊಡ ನೀರಿನಿಂದ ನೂರು ರೂಪಾಯಿಯ ಸರಕನ್ನು ಮಾಡಿತೆನ್ನೋಣ. ಮರುವರ್ಷ ಅದೇ ಸರಕಿನ ಬೆಲೆಯನ್ನು ಏರಿಸಿ ನೂರಿಪ್ಪತ್ತಕ್ಕೆ ಮಾರಿದರೆ, ಒಂದು ಕೊಡವೂ ಉಳಿಯದಿದ್ದರೂ ಕೆಳಗಿನ ಸಾಲು ಇಳಿಯುವುದು. ನಾವು ಮೊನ್ನೆ ಓದಿದ ಒಂದು ವರದಿಯಲ್ಲಿ ಮುನ್ನುಡಿಯವರು ಕೆಳಗಿನ ಸಾಲನ್ನು ಮಾತ್ರ ಎತ್ತಿ ಹೊಗಳಿಕೊಂಡಿದ್ದರು. ಮೇಲಿನ ಸಾಲಿನಲ್ಲಿ ನೀರು ಹಿಂದಿನ ವರ್ಷಕ್ಕಿಂತ ಹೆಚ್ಚಾಗಿಯೇ ಇತ್ತು.