ಆಪ್ತಸಲಹೆಗಾರರಿಗೆ ಗುರುವಾಗುವ ವಿದ್ಯೆ

ನಮ್ಮ ನೆರೆಮನೆಯ ಗೃಹಸ್ಥರೊಬ್ಬರು ಮೊನ್ನೆ ಸಂಜೆ ಚಿಂತಾಕ್ರಾಂತರಾಗಿ ನಮ್ಮಲ್ಲಿಗೆ ಬಂದರು. ಅಮೆರಿಕಾ ದೇಶದಲ್ಲಿ ಎಂ.ಎ. ಮುಗಿಸಿ ಅಲ್ಲಿಯೇ ಶಾಲೆಯೊಂದರಲ್ಲಿ ಆಪ್ತಸಲಹೆಗಾರಳಾಗಿರುವ ಅವರ ಮಗಳು, ಈಗ ‘ಕೌನ್ಸೆಲರ್ ಎಜುಕೇಷನ್’ ಎಂಬ ವಿಷಯದಲ್ಲಿ ಡಾಕ್ಟರ್ ಪದವಿಗೆ ಓದಬೇಕೆಂದಿರುವಳಂತೆ. “ನೊಂದವರಿಗೆ ಸಮಾಧಾನ ಹೇಳುವುದಕ್ಕೂ ಡಾಕ್ಟರ್ ಪದವಿಯೇ, ಮೇಷ್ಟ್ರೇ? ನಮ್ಮ ಅಜ್ಜಿಯಂದಿರು ಯಾವ ವಿಶ್ವವಿದ್ಯಾನಿಲಯದಲ್ಲಿ ಕಲಿತಿದ್ದರು?” ಎಂದು ಕೇಳಿದರು. ನಾವು ನಕ್ಕೆವಾದರೂ ಉತ್ತರ ತೋಚಲಿಲ್ಲ. ವಿಚಾರಿಸಿ ತಿಳಿದುದನ್ನು ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಈ ವಿದ್ಯೆಯ ಮೂಲವು ಉದ್ಯೋಗವನ್ನರಸುವ ತರುಣರಿಗೆ ದಾರಿ ತೋರಿಸುವುದರಲ್ಲಿದೆ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತನು ಬೋಸ್ಟನ್ ನಗರದಲ್ಲಿ ಅದಕ್ಕೆಂದೇ ಒಂದು ಕಾರ್ಯಾಲಯವನ್ನು ತೆರೆದನು. ಅದೇ ವರ್ಷ ತೀರಿಕೊಂಡನು. 1957ರಲ್ಲಿ ರಷ್ಯನರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಲು, ತಮ್ಮ ಬಾಲಕರು ವಿಜ್ಞಾನದಲ್ಲಿ ಹಿಂದುಳಿದರೆಂಬ ಕಳವಳವು ಅಮೆರಿಕನರಿಗುಂಟಾಯಿತು. 1958ರ ಶಾಸನವು ಶಾಲಾ ಸಲಹೆಗಾರರ ತರಬೇತಿಗೆ ಹಣವನ್ನೊದಗಿಸಿತು. ಸಲಹೆಗಾರರು ಹೆಚ್ಚಿದಂತೆ ಅವರಿಗೆ ಕಲಿಸತಕ್ಕ ಗುರುಗಳೂ ಬೇಕಾದರು. 1981ರಲ್ಲಿ ಈ ಶಿಕ್ಷಣಕ್ಕೆ ಮಾನ್ಯತೆ ಕೊಡುವ ‘ಕ್ಯಾಕ್ರೆಪ್’ ಎಂಬ ಮಂಡಲಿಯು ಸ್ಥಾಪಿತವಾಯಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಆ ದೇಶದಲ್ಲಿ ಆಪ್ತಸಲಹೆಯ ವೃತ್ತಿಗೆ ಎಂ.ಎ. ಮಟ್ಟದ ಪದವಿಯೂ ಸಂಸ್ಥಾನದ ಪರವಾನಗಿಯೂ ಸಾಕು. ಡಾಕ್ಟರ್ ಪದವಿಯು ಮುಖ್ಯವಾಗಿ ಸಲಹೆಗಾರರನ್ನು ತಯಾರುಮಾಡುವವರಿಗಾಗಿ ಇರತಕ್ಕದ್ದು. ಮಂಡಲಿಯು ಅದಕ್ಕೆ ಐದು ಅಂಗಗಳನ್ನು ವಿಧಿಸಿದೆ: ಆಪ್ತಸಲಹೆ, ಮೇಲ್ವಿಚಾರಣೆ, ಬೋಧನೆ, ಸಂಶೋಧನೆ, ಮುಂದಾಳುತನ. ಕನಿಷ್ಠ 100 ಗಂಟೆಗಳ ಅಭ್ಯಾಸದಲ್ಲಿ 40 ಗಂಟೆಗಳನ್ನು ಸಲಹೆ ಬಯಸಿ ಬಂದವರೊಡನೆಯೇ ಕಳೆಯಬೇಕು. ಅದರ ಮೇಲೆ 600 ಗಂಟೆಗಳ ಪ್ರಾಯೋಗಿಕ ಶಿಕ್ಷಣ, ಕೊನೆಗೆ ಮಹಾಪ್ರಬಂಧ.

ಇವುಗಳಲ್ಲಿ ನಮ್ಮ ಮನಸ್ಸನ್ನು ಸೆಳೆದುದು ಮೇಲ್ವಿಚಾರಣೆ. ಹೊಸದಾಗಿ ಕಲಿಯುವವನು ಒಬ್ಬರೊಡನೆ ನಡೆಸಿದ ಸಂಭಾಷಣೆಯನ್ನು, ಅವರ ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳುವುದುಂಟು. ಡಾಕ್ಟರ್ ಪದವಿಯ ವಿದ್ಯಾರ್ಥಿಯು ಅವನೊಡನೆ ಕುಳಿತು ಅದನ್ನು ಮತ್ತೆ ಕೇಳಿ, ಎಲ್ಲಿ ಅವಸರಪಟ್ಟು ಉಪದೇಶಿಸಿದನು, ಯಾವ ಮಾತನ್ನು ಕೇಳಿಸಿಕೊಳ್ಳದೆ ಹೋದನು ಎಂಬುದನ್ನು ಅವನೇ ಕಂಡುಕೊಳ್ಳುವಂತೆ ಮಾಡುತ್ತಾನೆ. ಹೀಗೆ ಮಾಡುವವನನ್ನು ಮತ್ತೊಬ್ಬ ಅಧ್ಯಾಪಕನು ತಿದ್ದುತ್ತಾನೆ. ಇದೂ ಒಂದು ಗುರುಪರಂಪರೆಯೇ ಸರಿ.

ಇದನ್ನು ತಿಳಿದಾಗ ನಮಗೆ ಹಳೆಯದೊಂದು ಸಂಗತಿ ನೆನಪಾಯಿತು. ನಾವು ಉಪಾಧ್ಯಾಯರಾದ ಹೊಸತರಲ್ಲಿ ಬಾಲಕನೊಬ್ಬನು ಶಾಲೆ ಬಿಟ್ಟ ಮೇಲೆ ನಮ್ಮ ಮೇಜಿನ ಬಳಿ ನಿಂತು, “ಓದುವುದಕ್ಕೆ ಮನಸ್ಸೇ ಬರುವುದಿಲ್ಲ, ಸಾರ್” ಎಂದನು. ನಾವು ಪರಿಶ್ರಮದ ಮಹಿಮೆಯನ್ನು ಸಾರುವ ಎರಡು ಸುಭಾಷಿತಗಳನ್ನು ಅರ್ಥಸಹಿತವಾಗಿ ಹೇಳಿ ಕಳುಹಿಸಿದೆವು. ಕೆಲವು ದಿನಗಳಲ್ಲಿ ಅವನು ಶಾಲೆಯನ್ನೇ ಬಿಟ್ಟನು. ಅವನ ತಾಯಿ ಹಾಸಿಗೆ ಹಿಡಿದಿದ್ದಳೆಂಬುದು ಆಮೇಲೆ ತಿಳಿಯಿತು. ಸುಭಾಷಿತಗಳಲ್ಲಿ ದೋಷವಿರಲಿಲ್ಲ, ಕೇಳುವ ಮೊದಲೇ ಹೇಳಿದ್ದು ನಮ್ಮ ದೋಷ. ಅಂದು ನಮ್ಮ ಪಕ್ಕದಲ್ಲಿ ಕುಳಿತು ಅದನ್ನು ತೋರಿಸಿಕೊಡುವವರು ಯಾರೂ ಇರಲಿಲ್ಲ. ಅಜ್ಜಿಯಂದಿರಿಗೆ ಸಹಜವಾಗಿ ಬಂದ ಗುಣವು ಎಲ್ಲರಿಗೂ ಬಾರದು, ಬಾರದವರಿಗೆ ಕಲಿಸಬೇಕಾಗುತ್ತದೆ.

ಆದರೂ ವಿವೇಕವು ಬೇಕು. ಈ ವ್ಯಾಸಂಗಕ್ಕೆ ಹಲವು ವರ್ಷಗಳು ಹಿಡಿಯುತ್ತವೆ. ಉದ್ಯೋಗ ಮಾಡುತ್ತ ಓದುವವರಿಗೆ ಇನ್ನೂ ಹೆಚ್ಚು. ಸೇರುವ ಮೊದಲು ಆ ಶಿಕ್ಷಣಕ್ಕೆ ಮಾನ್ಯತೆಯುಂಟೆ, ಸಹಾಯಕ ಬೋಧಕವೃತ್ತಿಯಿಂದ ಶುಲ್ಕದ ಭಾರ ಇಳಿಯುವುದೆ, ಪ್ರಬಂಧಕ್ಕೆ ತಕ್ಕ ಮಾರ್ಗದರ್ಶಕರು ಇರುವರೆ ಎಂಬುದನ್ನು ವಿಚಾರಿಸತಕ್ಕದ್ದು. ಕೇವಲ ಹೆಸರಿನ ಮುಂದೆ ‘ಡಾಕ್ಟರ್’ ಎಂದಿರಲಿ ಎಂಬ ಆಸೆಗೆ ಇದು ಬಲು ದುಬಾರಿಯಾದ ಅಲಂಕಾರ.

ಇಷ್ಟನ್ನೂ ಕೇಳಿದ ಮೇಲೆ ನಮ್ಮ ನೆರೆಯವರು, “ಹಾಗಾದರೆ ಮಗಳಿಗೆ ಏನು ಹೇಳಲಿ?” ಎಂದರು. ಉತ್ತರವು ನಮ್ಮ ನಾಲಗೆಯ ತುದಿಯಲ್ಲಿಯೇ ಇತ್ತು, ತಡೆದುಕೊಂಡೆವು. “ಅವಳು ಇದನ್ನು ಏಕೆ ಬಯಸಿದಳೆಂದು ಕೇಳಿದಿರಾ?” ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ, ಈ ರಾತ್ರಿಯೇ ಕೇಳುತ್ತೇನೆ” ಎಂದು ಎದ್ದು ಹೋದರು.