ಮಕ್ಕಳ ಕ್ಯಾನ್ಸರ್: ತಡ ಮಾಡಬೇಡಿ, ನಡುವೆ ನಿಲ್ಲಿಸಬೇಡಿ

ಮಳೆ ಹಿಡಿದರೆ ಮೂಡಿಗೆರೆ, ಕಳಸದ ಕಡೆ ಜ್ವರವಿಲ್ಲದ ಮನೆ ಕಡಿಮೆ. ಶೀತಜ್ವರ, ಡೆಂಗ್ಯೂ, ಚಳಿಗಾಲ ಕಳೆಯುವ ಹೊತ್ತಿಗೆ ಮಂಗನ ಕಾಯಿಲೆಯ ಭಯ. ಹಾಗಾಗಿ ಮಗುವಿಗೆ ಜ್ವರ ಬಂದರೆ ಹತ್ತಿರದ ಕ್ಲಿನಿಕ್‌ನಿಂದ ಒಂದು ಸಿರಪ್ ತರುತ್ತೇವೆ. ಇಳಿಯದಿದ್ದರೆ ಇನ್ನೊಂದು. ಮಗು ಬಿಳಿಚಿಕೊಂಡರೆ ರಕ್ತ ಕಡಿಮೆಯೆಂದು ಟಾನಿಕ್ ಕೊಡುತ್ತೇವೆ. ಕಾಲು ನೋಯುತ್ತದೆ ಎಂದರೆ ಬೆಳೆಯುವ ವಯಸ್ಸಿನ ನೋವು ಎನ್ನುತ್ತೇವೆ. ದೃಷ್ಟಿ ತಾಗಿರಬಹುದೆಂದು ನೀರು ಓದಿಸಿ ಕುಡಿಸುತ್ತೇವೆ. ಹೆಚ್ಚಿನ ಸಲ ಇಷ್ಟರಲ್ಲೇ ಮಗು ಗುಣವಾಗುತ್ತದೆ. ಆದರೆ ಎಲ್ಲೋ ಒಂದು ಮನೆಯಲ್ಲಿ ಹೀಗೆ ಕಳೆದುಹೋದ ಎರಡು ತಿಂಗಳು ಮಗುವಿನ ಜೀವಕ್ಕೇ ಎರವಾಗುತ್ತದೆ. ಆ ಮನೆ ಯಾರದ್ದೂ ಆಗಬಹುದು. ಅದಕ್ಕಾಗಿ ಈ ಲೇಖನವನ್ನು ಕೊನೆಯವರೆಗೆ ಓದಿ.

ಜಗತ್ತಿನಲ್ಲಿ ಪ್ರತಿ ವರ್ಷ 19 ವರ್ಷದೊಳಗಿನ ಸುಮಾರು 4 ಲಕ್ಷ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ಶೇ. 80ಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ ಶೇ. 30 ಮಕ್ಕಳು ಕೂಡ ಉಳಿಯುವುದಿಲ್ಲ. ಕಾಯಿಲೆ ಅದೇ. ರೋಗ ತಡವಾಗಿ ತಿಳಿಯುವುದು, ಔಷಧಿ ಸಿಗದಿರುವುದು, ಖರ್ಚು ಮತ್ತು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಈ ಅಂತರಕ್ಕೆ ಮುಖ್ಯ ಕಾರಣಗಳು. ಇವುಗಳಲ್ಲಿ ಕೆಲವನ್ನಾದರೂ ತಡೆಯುವುದು ನಮ್ಮ ಕೈಯಲ್ಲಿದೆ.

ಯಾಕೆ ಬರುತ್ತದೆ?

ದೊಡ್ಡವರ ಕ್ಯಾನ್ಸರ್‌ಗೆ ಬೀಡಿ, ಸಿಗರೇಟು, ಗುಟ್ಕಾ ಎಂದು ಬೊಟ್ಟು ಮಾಡಿ ತೋರಿಸಬಹುದು. ಮಕ್ಕಳಲ್ಲಿ ಹಾಗಲ್ಲ. ದೇಹ ಬೆಳೆಯುವಾಗ ಜೀವಕೋಶಗಳು ಲೆಕ್ಕವಿಲ್ಲದಷ್ಟು ಸಲ ಒಡೆದು ಎರಡಾಗುತ್ತವೆ. ಆಗ ಒಂದು ಕೋಶದ ಜೀನ್‌ನಲ್ಲಿ ತಪ್ಪು ನುಸುಳಿ, ಅದು ಹತೋಟಿ ಮೀರಿ ಬೆಳೆಯತೊಡಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದಕ್ಕೆ ಹೊರಗಿನ ಕಾರಣ ಸಿಗುವುದಿಲ್ಲ. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಮಾತ್ರ ಹುಟ್ಟಿನಿಂದಲೇ ಬಂದ ಜೀನ್ ದೋಷ ಇರುತ್ತದೆ. ಕಣ್ಣಿನ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಕೆಲವು ಕುಟುಂಬಗಳಲ್ಲಿ ಮರುಕಳಿಸುವುದುಂಟು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ರಕ್ತದ ಕ್ಯಾನ್ಸರ್‌ನ ಅಪಾಯ ಹೆಚ್ಚು.

ತಾಯಂದಿರೇ, ಗರ್ಭಿಣಿಯಾಗಿದ್ದಾಗ ನೀವು ತಿಂದ ಯಾವುದೋ ಹಣ್ಣಿನಿಂದಲೋ ಗ್ರಹಣದಲ್ಲಿ ಹೊರಬಂದದ್ದರಿಂದಲೋ ಇದು ಬಂದದ್ದಲ್ಲ. ಇದು ಯಾರ ಪಾಪದ ಫಲವೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಜೊತೆಯಲ್ಲಿ ಮಲಗಿದರೆ, ಆಡಿದರೆ ಯಾರಿಗೂ ಬರುವುದಿಲ್ಲ.

ತೋಟದ ಔಷಧಿಯ ವಿಷಯವೇನು?

ನಮ್ಮ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಕಾಫಿಯ ಬಿಳಿ ಕಾಂಡಕೊರಕಕ್ಕೆ ಹಿಂದೆ ಲಿಂಡೇನ್ ಬಳಿಯುತ್ತಿದ್ದರು. 2015ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಲಿಂಡೇನ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಕೃಷಿಯಲ್ಲಿ ಅದರ ಬಳಕೆ ಈಗ ನಮ್ಮ ದೇಶದಲ್ಲಿ ನಿಷಿದ್ಧ. ಮನೆಯಲ್ಲಿ ಕೀಟನಾಶಕದ ಸಂಪರ್ಕಕ್ಕೂ ಮಕ್ಕಳ ರಕ್ತದ ಕ್ಯಾನ್ಸರ್‌ಗೂ ನಂಟಿರಬಹುದೆಂದು ಕೆಲವು ಅಧ್ಯಯನಗಳು ಸೂಚಿಸಿವೆ. ಆದರೆ ಒಂದು ಮಗುವನ್ನು ತೋರಿಸಿ, ಇದಕ್ಕೆ ತೋಟದ ಔಷಧಿಯೇ ಕಾರಣ ಎಂದು ಹೇಳಲಾಗದು.

ಹಾಗೆಂದು ಎಚ್ಚರ ಬಿಡಬಾರದು. ಹಳೆಯ ಡಬ್ಬಗಳನ್ನು ಮನೆಯೊಳಗೆ ಇಡಬೇಡಿ. ಔಷಧಿಯ ಕ್ಯಾನಿನಲ್ಲಿ ನೀರು, ಎಣ್ಣೆ ತುಂಬಬೇಡಿ. ಸಿಂಪಡಿಸಿ ಬಂದವರು ಸ್ನಾನ ಮಾಡಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಗರ್ಭಿಣಿಯರು ಸಿಂಪಡಣೆಯಿಂದ ದೂರವಿರಲಿ.

ಈ ಲಕ್ಷಣಗಳನ್ನು ನೆನಪಿಡಿ

ಮಕ್ಕಳ ಕ್ಯಾನ್ಸರ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೇಮಿಯಾ. ಉಳಿದವು ಮೆದುಳು, ದುಗ್ಧಗ್ರಂಥಿ, ಮೂತ್ರಪಿಂಡ, ಕಣ್ಣು ಮತ್ತು ಮೂಳೆಗಳಲ್ಲಿ ಹೆಚ್ಚಾಗಿ ಕಾಣಿಸುತ್ತವೆ.

* ಎರಡು ವಾರ ಕಳೆದರೂ ಬಿಡದ, ಕಾರಣ ತಿಳಿಯದ ಜ್ವರ
* ದಿನದಿನಕ್ಕೆ ಬಿಳಿಚಿಕೊಳ್ಳುವುದು, ಆಟ ಬಿಟ್ಟು ಮಲಗುವುದು
* ಏಟು ಬೀಳದೆ ಮೈಮೇಲೆ ನೀಲಿ ಕಲೆ, ಕೆಂಪು ಚುಕ್ಕೆ. ಮೂಗು, ಒಸಡಿನಲ್ಲಿ ರಕ್ತ
* ರಾತ್ರಿ ಎಬ್ಬಿಸುವ ಮೂಳೆನೋವು, ಕುಂಟುವುದು
* ಕುತ್ತಿಗೆ, ಕಂಕುಳಲ್ಲಿ ನೋವಿಲ್ಲದೆ ಬೆಳೆಯುವ ಗಂಟು
* ಸ್ನಾನ ಮಾಡಿಸುವಾಗ ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ
* ಬೆಳಿಗ್ಗೆ ಏಳುವಾಗ ತಲೆನೋವು, ವಾಂತಿ, ನಡೆಯುವಾಗ ತೂರಾಟ
* ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಬೆಳ್ಳಗೆ ಕಂಡರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ

ಇವುಗಳಲ್ಲಿ ಒಂದು ಕಂಡಿತೆಂದರೆ ಕ್ಯಾನ್ಸರೇ ಎಂದಲ್ಲ. ಡೆಂಗ್ಯೂ ಮತ್ತು ಮಂಗನ ಕಾಯಿಲೆಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಆದರೆ ಆ ಜ್ವರಗಳು ಕೆಲವು ದಿನಗಳಲ್ಲಿ, ಮಂಗನ ಕಾಯಿಲೆಯಾದರೆ ಕೆಲವು ವಾರಗಳಲ್ಲಿ ಒಂದು ನಿಲುಗಡೆಗೆ ಬರುತ್ತವೆ. ಬಾರದಿದ್ದರೆ ಸಿರಪ್ ಬದಲಿಸುತ್ತಾ ಕೂರದೆ, ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದ ಪೂರ್ಣ ಎಣಿಕೆ ಮತ್ತು ಸ್ಮಿಯರ್ ಪರೀಕ್ಷೆ ಮಾಡಿಸಿ ಎಂದು ಕೇಳಿ. ಕಡಿಮೆ ಖರ್ಚಿನ ಈ ಪರೀಕ್ಷೆಯೇ ಅನೇಕ ಸಲ ಲ್ಯುಕೇಮಿಯಾದ ಮೊದಲ ಸುಳಿವು ಕೊಡುತ್ತದೆ. ಅಂಗನವಾಡಿ ಮತ್ತು ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗಲೂ ಈ ಲಕ್ಷಣಗಳನ್ನು ಹೇಳಿ.

ಚಿಕಿತ್ಸೆ ಹೇಗಿರುತ್ತದೆ?

ಮೊದಲು ಕಾಯಿಲೆ ಯಾವುದೆಂದು ಖಚಿತವಾಗಬೇಕು. ಗಂಟಿನ ತುಣುಕು ತೆಗೆದು, ಇಲ್ಲವೇ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷಿಸುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ, ಮಜ್ಜೆ ತೆಗೆದರೆ ಮಗು ಕುಂಟಾಗುತ್ತದೆ ಎಂಬ ಮಾತುಗಳನ್ನು ನಂಬಬೇಡಿ.

ಆಮೇಲೆ ಕಾಯಿಲೆಗೆ ತಕ್ಕಂತೆ ಕಿಮೋಥೆರಪಿ, ಶಸ್ತ್ರಚಿಕಿತ್ಸೆ, ವಿಕಿರಣ, ಕೆಲವರಿಗೆ ಅಸ್ಥಿಮಜ್ಜೆಯ ಕಸಿ. ಮಕ್ಕಳ ಲ್ಯುಕೇಮಿಯಾಕ್ಕೆ ಮೊದಲ ಬಾರಿ ಔಷಧಿ ಕೆಲಸ ಮಾಡಿದ್ದನ್ನು 1948ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಪ್ರಕಟಿಸಿದರು. ಆ ಔಷಧಿಯನ್ನು ತಯಾರಿಸಿದ ತಂಡದ ಮುಂದಾಳು ಆಂಧ್ರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಇಂದು ಕೊಡುವ ವಿಂಕ್ರಿಸ್ಟೀನ್ ಎಂಬ ಚುಚ್ಚುಮದ್ದು ನಮ್ಮ ಅಂಗಳದಲ್ಲೇ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. ಆದರೆ ಆ ಎಲೆಯನ್ನು ಅರೆದು ಕುಡಿಸಬೇಡಿ. ಗಿಡ ವಿಷಕಾರಿ. ಅದರಿಂದ ಬೇರ್ಪಡಿಸಿ, ಅಳತೆ ಮಾಡಿ ಕೊಟ್ಟಾಗ ಮಾತ್ರ ಅದು ಔಷಧಿ.

ಮಕ್ಕಳಲ್ಲಿ ಹೆಚ್ಚಾಗಿ ಬರುವ ಲ್ಯುಕೇಮಿಯಾಕ್ಕೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಮೊದಲ ಒಂದು ತಿಂಗಳಲ್ಲೇ ಹೆಚ್ಚಿನ ಮಕ್ಕಳ ರಕ್ತದಲ್ಲಿ ಕ್ಯಾನ್ಸರ್ ಕೋಶ ಕಾಣದಂತಾಗುತ್ತದೆ. ಮಗು ನಗುತ್ತದೆ, ಊಟ ಕೇಳುತ್ತದೆ. ಅಪಾಯ ಇರುವುದು ಇಲ್ಲಿಯೇ. ಮಗು ಗುಣವಾಯಿತು, ಇನ್ನು ಘಾಟಿ ಇಳಿಯುವುದೇಕೆ, ಕೂಲಿ ಕಳೆದುಕೊಳ್ಳುವುದೇಕೆ ಎಂದು ಮನೆಯವರು ನಿಲ್ಲಿಸಿಬಿಡುತ್ತಾರೆ. ಅವಿತ ಕೋಶಗಳು ಕೆಲವು ತಿಂಗಳಲ್ಲಿ ಮರಳುತ್ತವೆ. ಎರಡನೇ ಸಲ ಬಂದರೆ ಗುಣಪಡಿಸುವುದು ಬಹಳ ಕಷ್ಟ. ಕೂದಲು ಉದುರುವುದು, ವಾಂತಿ, ಬಾಯಿಹುಣ್ಣು ಇವೆಲ್ಲ ಹೆಚ್ಚಾಗಿ ತಾತ್ಕಾಲಿಕ. ಕೂದಲು ಮತ್ತೆ ಬರುತ್ತದೆ.

ದುಆ ಮಾಡಿ, ಮಾಡಿಸಿ. ಪ್ರವಾದಿ(ಸ)ರು ಚಿಕಿತ್ಸೆ ಪಡೆಯಲು ಕಲಿಸಿದ್ದಾರೆ ಎಂಬುದನ್ನೂ ಮರೆಯಬೇಡಿ. ಓದಿದ ನೀರು ಕುಡಿಸುವ ಮನೆಯಲ್ಲಿ ಆಸ್ಪತ್ರೆಯ ದಿನಾಂಕ ತಪ್ಪಬಾರದು.

ಮನೆಯಲ್ಲಿ ಶುಚಿತ್ವ

ಕಿಮೋ ನಡೆಯುವಾಗ ಮಗುವಿನ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಸೋಂಕೇ ದೊಡ್ಡ ಶತ್ರು. ದಿನಕ್ಕೆ ಐದು ಹೊತ್ತು ವುಝೂ ಮಾಡುವ ಮನೆಗೆ ಕೈ ತೊಳೆಯುವುದು ಹೊಸತಲ್ಲ. ಮಗುವನ್ನು ಮುಟ್ಟುವ ಮುನ್ನ, ಅಡುಗೆಗೆ ಮುನ್ನ, ಶೌಚದ ನಂತರ ಅದಕ್ಕೆ ಸೋಪು ಸೇರಿಸಿ. ಹಳ್ಳದಿಂದ ಪೈಪಿನಲ್ಲಿ ಬರುವ ನೀರನ್ನು ಕುದಿಸಿಯೇ ಕೊಡಿ. ಬಿಸಿಯಾದ ಹೊಸ ಅಡುಗೆ ಕೊಡಿ. ಹಸಿ ಹಾಲು, ಅರೆಬೆಂದ ಮೊಟ್ಟೆ, ಅಂಗಡಿಯಲ್ಲಿ ಹೆಚ್ಚಿಟ್ಟ ಹಣ್ಣು ಬೇಡ. ನೋಡಲು ಬರುವ ನೆಂಟರಿಗೆ ಕೆಮ್ಮು, ನೆಗಡಿ ಇದ್ದರೆ ಹೊರಗಿನಿಂದಲೇ ಸಲಾಂ ಹೇಳಿ ಹೋಗಲಿ.

ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಸುನ್ನತಿ, ಕಿವಿ ಚುಚ್ಚಿಸುವುದು, ಹಲ್ಲು ಕೀಳಿಸುವುದು, ಹಿಜಾಮಾ, ಲಸಿಕೆ ಇವು ಯಾವುದನ್ನೂ ಕ್ಯಾನ್ಸರ್ ವೈದ್ಯರನ್ನು ಕೇಳದೆ ಮಾಡಿಸಬೇಡಿ. ರಕ್ತ ನಿಲ್ಲದೆ ಹೋಗಬಹುದು, ಸೋಂಕು ಏರಬಹುದು.

ಎಲ್ಲಿಗೆ ಹೋಗಬೇಕು? ಖರ್ಚು?

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಆಸ್ಪತ್ರೆ 1973ರಿಂದ ನಡೆಯುತ್ತಿರುವ ಸರ್ಕಾರಿ ಕ್ಯಾನ್ಸರ್ ಸಂಸ್ಥೆ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಅದಕ್ಕಿದೆ. ಮಕ್ಕಳ ಕ್ಯಾನ್ಸರ್‌ಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಕಳಸದವರಿಗೆ ಕುದುರೆಮುಖ, ಕಾರ್ಕಳದ ದಾರಿಯಲ್ಲಿ ಮಣಿಪಾಲದ ಕಸ್ತೂರಬಾ ಆಸ್ಪತ್ರೆ ಹತ್ತಿರ. ಮೂಡಿಗೆರೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗಬಹುದು. 2019ರ ಆಗಸ್ಟ್ ಮಳೆಗೆ ಘಾಟಿ ಕುಸಿದು ಬಂದ್ ಆಗಿದ್ದು ನಿಮಗೆ ನೆನಪಿರಬಹುದು. ಮಳೆಗಾಲದಲ್ಲಿ ಬದಲಿ ದಾರಿಯನ್ನು, ತುರ್ತಿಗೆ ಹತ್ತಿರದ ಆಸ್ಪತ್ರೆಯನ್ನು ವೈದ್ಯರೊಂದಿಗೆ ಮೊದಲೇ ಮಾತಾಡಿಟ್ಟುಕೊಳ್ಳಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ. 30 ಭಾಗ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಕೈಯಲ್ಲಿಟ್ಟುಕೊಂಡೇ ಹೊರಡಿ. ಮಾಹಿತಿಗೆ 104ಕ್ಕೆ ಕರೆ ಮಾಡಬಹುದು. ನಮ್ಮ ಎಸ್ಟೇಟುಗಳಲ್ಲಿ ದುಡಿಯುವ ಅಸ್ಸಾಂನ ಕುಟುಂಬಗಳಿಗೂ ತಿಳಿಸಿ: ಅವರ ಊರಿನ ಆಯುಷ್ಮಾನ್ ಕಾರ್ಡ್ ಯೋಜನೆಗೆ ಸೇರಿದ ಬೇರೆ ರಾಜ್ಯದ ಆಸ್ಪತ್ರೆಯಲ್ಲೂ ನಡೆಯುತ್ತದೆ. ಕ್ಯಾನ್ಸರ್ ರೋಗಿಗೆ ಮತ್ತು ಜೊತೆಗಾರರಿಗೆ ರೈಲು ಟಿಕೆಟ್‌ನಲ್ಲಿ ರಿಯಾಯಿತಿಯೂ ಇದೆ.

ಜಮಾಅತ್ ಏನು ಮಾಡಬಹುದು?

ಆಸ್ಪತ್ರೆಯ ಬಿಲ್ಲಿಗೆ ಯೋಜನೆ ಇದೆ. ಬಸ್ಸಿನ ದುಡ್ಡು, ಊಟ, ಬಾಡಿಗೆ ಕೋಣೆ, ಕಳೆದುಹೋದ ಕೂಲಿಗೆ ಇಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇಂಥ ಖರ್ಚಿನಿಂದ. ರಮಝಾನಿನಲ್ಲಿ ಒಮ್ಮೆ ದೊಡ್ಡ ಮೊತ್ತ ಕೊಟ್ಟು ಮರೆಯುವ ಬದಲು, ಮಸೀದಿಯ ಝಕಾತ್ ನಿಧಿಯಿಂದ ಎರಡು ವರ್ಷ ತಿಂಗಳು ತಿಂಗಳು ದಾರಿ ಖರ್ಚು ಕೊಡಿ. ಯುವಕರು ರಕ್ತ ಮತ್ತು ಪ್ಲೇಟ್‌ಲೆಟ್ ದಾನಿಗಳ ಪಟ್ಟಿ ಮಾಡಲಿ. ಮನೆಯಲ್ಲಿ ಉಳಿದ ಅಣ್ಣ ತಂಗಿಯರ ಊಟ, ಶಾಲೆಯನ್ನು ನೆರೆಯವರು ನೋಡಿಕೊಳ್ಳಲಿ.

ಹೆಣ್ಣುಮಗುವಾದರೆ ಮುಂದೆ ನಿಕಾಹ್‌ಗೆ ತೊಂದರೆಯೆಂದು ಕಾಯಿಲೆಯನ್ನು ಮುಚ್ಚಿಡುವವರಿದ್ದಾರೆ. ಗುಣವಾದ ಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ಅನೇಕರು ತಂದೆ ತಾಯಿಯರೂ ಆಗುತ್ತಾರೆ. ಮದ್ರಸಾದ ಬೆಂಚಿನಲ್ಲಿ ಕೂದಲಿಲ್ಲದ ಒಂದು ಪುಟ್ಟ ತಲೆ ಕಂಡರೆ ನಿಮ್ಮ ಮಗುವನ್ನು ಅದರ ಪಕ್ಕದಲ್ಲೇ ಕೂರಿಸಿ. ನಾಳೆಯ ಆಸ್ಪತ್ರೆಯ ಬಸ್ಸು ಎಷ್ಟು ಗಂಟೆಗೆಂದು ಅದರ ಉಮ್ಮನನ್ನು ಕೇಳಿ.