ಚಿತ್ರ ಬಂತು, ದನಿ ಬರಲಿಲ್ಲ

ತುಮಕೂರಿನ ಕಾಲೇಜೊಂದಕ್ಕೆ ರಂಗಭೂಮಿಯ ಗುಬ್ಬಿ ವೀರಣ್ಣನವರ ಬಗ್ಗೆ ಮಾತಾಡಲು ಹೋಗಿದ್ದೆ. ರಂಗಗೀತೆಯ ವಿಡಿಯೊ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿತ್ತು. ಪ್ರೊಜೆಕ್ಟರಿನ ನೀಲಿ ತಲೆಯ ವಿಜಿಎ ವೈರು ಸಿಕ್ಕಿಸಿ, ಎರಡೂ ಬದಿಯ ಸ್ಕ್ರೂ ತಿರುಗಿಸಿದೆ. ಪರದೆ ಮೇಲೆ ನಟ ಬಾಯಿ ತೆರೆದ. ಹಾಡು ಮಾತ್ರ ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಕೀರಲುಗುಟ್ಟಿತು. ಹಿಂದಿನ ಬೆಂಚಿಗೆ ಒಂದಕ್ಷರವೂ ಮುಟ್ಟಲಿಲ್ಲ. 1884ರಲ್ಲಿ ಹುಟ್ಟಿ, ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಅವರ ನಾಟಕ ಕಂಪನಿಯ ಕಥೆ ಹೇಳುವಾಗಲೇ ಹೀಗಾಯಿತಲ್ಲ ಎಂಬ ಸಂಕಟ ಇನ್ನೂ ಇದೆ.

1987ರಲ್ಲಿ ಐಬಿಎಂ ತಂದ ವಿಜಿಎಗೆ 15 ಪಿನ್ನುಗಳಿದ್ದರೂ ಅದು ಹೊರುವುದು ಚಿತ್ರವನ್ನಷ್ಟೇ. ದನಿಗೆ ಬೇರೆ ವೈರು ಎಳೆಯಬೇಕು. ಎಚ್‌ಡಿಎಂಐ ಎರಡನ್ನೂ ಒಟ್ಟಿಗೇ ಒಯ್ಯುತ್ತದೆ. 2015ರೊಳಗೆ ವಿಜಿಎ ಕೈಬಿಡುತ್ತೇವೆಂದು ಇಂಟೆಲ್, ಡೆಲ್, ಲೆನೊವೊ 2010ರಲ್ಲೇ ಸಾರಿದ್ದವು. ಲ್ಯಾಪ್‌ಟಾಪುಗಳು ಬಿಟ್ಟವು, ಸಭಾಂಗಣದ ಗೋಡೆಯೊಳಗಿನ ವೈರು ಹಾಗೇ ಉಳಿಯಿತು.

ದನಿಗೆ ಬೇರೆ ವೈರು ಎಳೆದರೂ ತರಲೆ ತಪ್ಪದು. ಗುಬ್ಬಿಯಲ್ಲಿ ಹುಡುಗರ ನಾಟಕದ ತಾಲೀಮು. ಹಿನ್ನೆಲೆ ಸಂಗೀತಕ್ಕೆ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಮಿಕ್ಸರಿಗೆ ವೈರು ಕೊಟ್ಟಿದ್ದರು. ಸ್ಪೀಕರಿನಲ್ಲಿ ಬಿಡದೆ ಗುಂಯ್ ಎನ್ನುವ ಸದ್ದು. ಚಾರ್ಜರ್ ಕಿತ್ತ ಕೂಡಲೇ ನಿಂತಿತು! ಚಾರ್ಜರಿನ ಅರ್ತಿಂಗೂ ಮಿಕ್ಸರಿನ ಅರ್ತಿಂಗೂ ಸೇರಿ ಸುತ್ತು ಬಿದ್ದಾಗ ಹೀಗಾಗುತ್ತದೆ. ಪ್ರದರ್ಶನದ ದಿನ ಬ್ಯಾಟರಿ ತುಂಬಿಸಿಟ್ಟುಕೊಂಡರೆ ಸಾಕು. ಮೈಕಿನದು ಇನ್ನೊಂದು ಕಥೆ. ಅದರ ಪಿನ್ನಿನ ಕಪ್ಪು ಪಟ್ಟಿ ಎಣಿಸಿ ನೋಡಿ: ಈಗಿನ ಲ್ಯಾಪ್‌ಟಾಪುಗಳ ಒಂದೇ ತೂತಿಗೆ ಮೂರು ಪಟ್ಟಿಯದೇ ಬೇಕು, ಎರಡರದ್ದನ್ನು ನೇರವಾಗಿ ತುರುಕಿದರೆ ದನಿ ಹಿಡಿಯುವುದಿಲ್ಲ.

ಈಗ ಎಲ್ಲದಕ್ಕೂ ಟೈಪ್-ಸಿ ಎನ್ನುತ್ತಾರೆ. 2014ರಲ್ಲಿ ಬಂದ ಈ ಪುಟ್ಟ ಬಾಯಿಗೆ 24 ಪಿನ್ನು, ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ. ಆದರೆ ಎಲ್ಲ ಟೈಪ್-ಸಿಯಿಂದಲೂ ಚಿತ್ರ ಹೊರಗೆ ಬಾರದು. ನೋಡಲು ಮಾತ್ರ ಎಲ್ಲವೂ ಒಂದೇ. ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಲ್ಯಾಪ್‌ಟಾಪಿಗೆ ದುಡ್ಡು ಎಣಿಸುವ ಮುಂಚೆ, ಅಲ್ಲೇ ಇರುವ ಟೀವಿಗೆ ಹಾಕಿ ತೋರಿಸಿ ಅನ್ನಿ. ತೆಳ್ಳಗಿದೆ ಎಂದು ಮರುಳಾಗಬೇಡಿ. ಊರಲ್ಲಿ ದುಡಿಯುವ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಇರಲೇಬೇಕು ಎಂಬುದು ನನ್ನ ಹಟ.

ಕುಣಿಗಲ್ಲಿನ ನಂಟರ ಮನೆಯಲ್ಲಿ ಮದುವೆಯ ಡಿವಿಡಿ ಬೀರುವಿನಲ್ಲಿ ಸೀರೆಗಳ ನಡುವೆ ಕೂತಿತ್ತು. ಮಗಳ ಹೊಸ ಲ್ಯಾಪ್‌ಟಾಪಿಗೆ ಡಿವಿಡಿ ಹಾಕುವ ಜಾಗವೇ ಇಲ್ಲ. ಹೊರಗಿನ ಡ್ರೈವ್ ಒಯ್ದು ಯುಎಸ್‌ಬಿಗೆ ಸಿಕ್ಕಿಸಿದೆ. ಒಂದು ಪೋರ್ಟಿನ ಕರೆಂಟು ಸಾಲದೆ ಟಿಕ್ ಟಿಕ್ ಎಂದು ಮುಷ್ಕರ ಹೂಡಿತು. ಅದರ ವೈರಿನ ಎರಡನೇ ಪಿನ್ನನ್ನೂ ಇನ್ನೊಂದು ಪೋರ್ಟಿಗೆ ಕೊಟ್ಟ ಮೇಲೆ ಗಿರ್ರೆಂದು ತಿರುಗಿತು. ಮನೇಲಿ ಬರೆಸಿದ ಡಿವಿಡಿಯ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತದೆ, ತಡಮಾಡಬಾರದು. ಧಾರೆಯ ಹೊತ್ತಿಗೆ ವಾಲಗದ ನಡುವೆ ತೀರಿಹೋದ ಅಜ್ಜಿಯ ಸೋಬಾನೆ ಕೇಳಿಸಿತು. ಅಡುಗೆಮನೆಯಿಂದ ಎಲ್ಲರೂ ಎದ್ದು ಬಂದರು. ಎರಡು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಟ್ಟು ಸಂಜೆ ಬಸ್ಸು ಹಿಡಿದೆ.